ಪಥ್ಯಕ್ಕೊಬ್ಬರು ಸಾಕ್ಷಿ

ನನ್ನನ್ನು ಜನ ದೃಢಮನಸ್ಸಿನವಳು ಎಂದು ಹೊಗಳಿದ್ದು ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ, ಅದೂ ತಪ್ಪು ತಿಳಿವಳಿಕೆಯಿಂದ. ಬೆಳಗಿನ ನಡಿಗೆ, ವೀಣೆ ಪಾಠ, ಊಟದ ಮೇಜಿನ ಕುರ್ಚಿಗಳ ಮೇಲೆ ಒದ್ದೆ ಬಟ್ಟೆ ಹರವಬಾರದೆಂಬ ಪ್ರತಿಜ್ಞೆ, ಇವನ್ನೆಲ್ಲ ನಾನು ಹಿಡಿದಷ್ಟೇ ವೇಗದಲ್ಲಿ ಕೈಬಿಟ್ಟವಳು. ಆರಂಭಶೂರತ್ವಕ್ಕೆ ಬಹುಮಾನವೇನಾದರೂ ಇದ್ದಿದ್ದರೆ ನನ್ನ ಮನೆಯ ಗೋಡೆಯಲ್ಲಿ ಜಾಗ ಸಾಲುತ್ತಿರಲಿಲ್ಲ. ಅಂಥವಳು ಒಂದು ತಿಂಗಳಿಗೆಂದು ಹಿಡಿದ ಪಥ್ಯವನ್ನು ತಿಂಗಳು ಮುಗಿದ ಮೇಲೂ ಬಿಡದೆ ಎಳೆದುಕೊಂಡು ಹೋದೆನೆಂದರೆ ಆಫೀಸಿನವರು ಮೂಗಿನ ಮೇಲೆ ಬೆರಳಿಟ್ಟದ್ದು ಸಹಜವೇ. ಅದರ ಒಳಗುಟ್ಟನ್ನು ನಾನು ಅವರಿಗೆ ಹೇಳಲಿಲ್ಲ. ನಿಮಗಾದರೆ ಹೇಳಬಹುದು, ನೀವು ನಮ್ಮ ಆಫೀಸಿನಲ್ಲಿಲ್ಲ.

ಎಲ್ಲಕ್ಕೂ ಮೂಲ ತುರಿಕೆ. ಆ ವರ್ಷ ದೀಪಾವಳಿಗೂ ಮುಂಚಿನಿಂದ ನನ್ನ ಮೈಮೇಲೆ ಗಂಧೆ ಏಳತೊಡಗಿತ್ತು. ಕೆಂಪಗೆ, ದಪ್ಪಗೆ ಎದ್ದು, ಕೈಯಲ್ಲಿ ಇಳಿದರೆ ಕತ್ತಿನಲ್ಲಿ, ಕತ್ತಿನಲ್ಲಿ ಇಳಿದರೆ ಸೊಂಟದಲ್ಲಿ. ಮೈಸೂರಿನಲ್ಲಿ ಚಿಕ್ಕವಳಾಗಿದ್ದಾಗ ಹೀಗಾದರೆ ಅಜ್ಜಿ ದೊಡ್ಡಪತ್ರೆ ಸೊಪ್ಪಿನ ರಸ ತಿಕ್ಕಿ, ಕರಿಕಂಬಳಿ ಹೊದಿಸಿ ಮೂಲೆಯಲ್ಲಿ ಕೂರಿಸುತ್ತಿದ್ದರು. ಕಂಬಳಿ ಎಷ್ಟು ಚುಚ್ಚುತ್ತಿತ್ತೆಂದರೆ ಗಂಧೆಯ ತುರಿಕೆ ಅದರ ಮುಂದೆ ಸಪ್ಪೆ ಎನಿಸಿ ಮರೆತೇ ಹೋಗುತ್ತಿತ್ತು. ನಾನು ಈಗಿರುವ, ಮುಂಬಯಿ ಹತ್ತಿರದ ಡೊಂಬಿವಲಿಯ ಸೆಕೆಯಲ್ಲಿ ಕಂಬಳಿಯ ಮಾತೆತ್ತುವಂತಿಲ್ಲ. ಆದರೆ ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಇತ್ತು. ಅರೆದು ಕೈಗೆ, ಕಾಲಿಗೆ, ಹೊಟ್ಟೆಗೆ ಹಚ್ಚಿಕೊಂಡೆ. ಬೆನ್ನಿಗೆ ಮಾತ್ರ ಕೈ ಎಟಕಲಿಲ್ಲ. ಮೇಲಿನಿಂದ ಪ್ರಯತ್ನಿಸಿದೆ, ಕೆಳಗಿನಿಂದ ಪ್ರಯತ್ನಿಸಿದೆ, ಕೊನೆಗೆ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಂಡು ನಿಂತೆ. ಒಬ್ಬಳೇ ಇರುವುದರ ಬಗ್ಗೆ ನಾನು ಅಷ್ಟು ಹೊತ್ತು ಯೋಚಿಸಿದ್ದು ಅಮ್ಮ ಹೋದ ಮೇಲೆ ಅದೇ ಮೊದಲು.

ಹತ್ತಿರದ ಠಾಣೆ ಪಟ್ಟಣದಲ್ಲಿ ಒಬ್ಬ ಚರ್ಮದ ಡಾಕ್ಟರರಿದ್ದಾರೆ, ಹೆಂಗಸು, ನನಗಿಂತ ಚಿಕ್ಕವರು, ಮಾತು ಕಡಿಮೆ. ನನ್ನ ಕೈ ತಿರುಗಿಸಿ ಮುರುಗಿಸಿ ನೋಡಿ, ಇದು ಊಟದಿಂದ ಬಂದಿರಬಹುದು, ಯಾವ ಊಟದಿಂದ ಎಂದು ಹುಡುಕೋಣ ಎಂದರು. ಹುಡುಕುವ ವಿಧಾನದ ಹೆಸರು ಎಲಿಮಿನೇಷನ್ ಡಯಟ್. ಅಂದರೆ ಅನುಮಾನವಿದ್ದವರನ್ನೆಲ್ಲ ಮೊದಲು ಮನೆಯಿಂದ ಹೊರಗೆ ಹಾಕುವುದು, ಗಲಾಟೆ ನಿಂತಿತೋ ನೋಡುವುದು, ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಯಾರು ಬಂದಾಗ ಗಲಾಟೆ ಶುರುವಾಯಿತೆಂದು ಪತ್ತೆ ಮಾಡುವುದು. ಗೋಧಿ, ಹಾಲು, ಮೊಸರು, ಬೇಳೆ, ಕಾಳು, ಕಡಲೆಬೀಜ, ಎಳ್ಳು, ತೆಂಗಿನಕಾಯಿ, ಬದನೆಕಾಯಿ, ಟೊಮೇಟೊ, ಹುಣಸೆಹಣ್ಣು ಎಲ್ಲ ಹೊರಗೆ. ಒಳಗೆ ಉಳಿದದ್ದು ಅನ್ನ, ಉಪ್ಪು, ಒಂದಿಷ್ಟು ಸಕ್ಕರೆ, ಮತ್ತು ಸೋರೆ, ಹೀರೆ, ಪಡವಲ ಎಂಬ ಮೂವರು ಸಾಧುಗಳು. ಪಡವಲಕಾಯಿಯನ್ನು ಯಾರೂ ಯಾವ ಕಾಲದಲ್ಲೂ ಅನುಮಾನಿಸಿದ್ದಿಲ್ಲ. ಅಪರಾಧ ಮಾಡುವುದಕ್ಕೆ ಬೇಕಾದ ವ್ಯಕ್ತಿತ್ವವೇ ಅದಕ್ಕಿಲ್ಲ.

ಇದಿಷ್ಟು ಹೇಳಿ, ನಾನು ಚೀಲ ಎತ್ತಿಕೊಂಡು ಏಳುವಾಗ, ಡಾಕ್ಟರರು ಒಂದು ಮಾತು ಸೇರಿಸಿದರು. ಒಂದು ತಿಂಗಳಾದ ಮೇಲೆ ಒಂದೊಂದೇ ಪದಾರ್ಥ ತಿಂದು ನೋಡುವಾಗ ಒಬ್ಬರೇ ಇರಬೇಡಿ, ತುಟಿ, ಮುಖ ಊದಿಕೊಳ್ಳಬಹುದು, ಅಪರೂಪಕ್ಕೆ ಉಸಿರು ಕಟ್ಟಬಹುದು, ಪಕ್ಕದಲ್ಲಿ ಯಾರಾದರೂ ನೋಡುತ್ತಿರಲಿ ಎಂದರು. "ಘರ್ ಮೇಂ ಕೋಯೀ ತೋ ಹೋಗಾ ನಾ?" ಎಂದು ಕೇಳಿದರು. ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರಲ್ಲ ಎಂಬ ಧಾಟಿ. ಹೊರಗೆ ಜನ ಕಾಯುತ್ತಿದ್ದರು, ಅವರಿಗೆ ಅವಸರವಿತ್ತು. ನಾನು "ಹೈ" ಎಂದೆ, ಇದ್ದಾರೆ ಎಂದು. ಅವರಿಗೆ ಬೇಜಾರು ಮಾಡಬಾರದೆನ್ನಿಸಿತು.

ಪಥ್ಯವೇನೂ ನಮಗೆ ಹೊಸದಲ್ಲ ಎಂದು ಲೋಕಲ್ ಗಾಡಿಯಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮ ಸೋದರತ್ತೆ ಚಾತುರ್ಮಾಸ್ಯ ಹಿಡಿಯುತ್ತಿದ್ದರು. ಮೊದಲ ತಿಂಗಳು ತರಕಾರಿ ಬಿಡುವ ಶಾಕವ್ರತ, ಎರಡನೆಯದು ಮೊಸರು ಬಿಡುವ ದಧಿವ್ರತ, ಮೂರನೆಯದು ಹಾಲು ಬಿಡುವ ಕ್ಷೀರವ್ರತ, ನಾಲ್ಕನೆಯದು ಬೇಳೆಕಾಳು ಬಿಡುವ ದ್ವಿದಳವ್ರತ. ಠಾಣೆಯ ಡಾಕ್ಟರರ ಚೀಟಿಗೂ ಅತ್ತೆಯ ವ್ರತಕ್ಕೂ ಹೆಚ್ಚು ದೂರವಿಲ್ಲ. ನಮ್ಮ ದೊಡ್ಡಪ್ಪ ಇನ್ನೂ ಜಾಣರು. ಕಾಶಿಗೆ ಹೋದವರು ಪ್ರಿಯವಾದದ್ದೊಂದನ್ನು ಬಿಟ್ಟು ಬರಬೇಕೆಂಬ ನಿಯಮಕ್ಕೆ ತಲೆಬಾಗಿ ಹಾಗಲಕಾಯಿಯನ್ನು ಬಿಟ್ಟು ಬಂದರು. ಅದನ್ನು ಅವರು ಅದಕ್ಕೂ ಮೊದಲು ಒಂದು ದಿನವೂ ಬಾಯಿಗೆ ಹಾಕಿರಲಿಲ್ಲ. ಆದರೆ ಒಂದು ವ್ಯತ್ಯಾಸವಿದೆ, ಅದು ನನಗೆ ಆಮೇಲೆ ತಿಳಿದದ್ದು. ಅತ್ತೆ ಮೊಸರು ಬಿಟ್ಟರೆ ಇಡೀ ಮನೆ ಮೊಸರಿಲ್ಲದೆ ಉಣ್ಣುತ್ತಿತ್ತು, ಗೊಣಗುತ್ತಿತ್ತು, ವ್ರತ ಯಾವತ್ತು ಮುಗಿಯುತ್ತದೆಂದು ದಿನಾ ಅವರನ್ನು ಕೇಳುತ್ತಿತ್ತು. ಪಥ್ಯ ಮಾಡುವವರ ಸುತ್ತ ಅದರಿಂದ ತೊಂದರೆಪಡುವ ನಾಲ್ಕು ಜನರಾದರೂ ಇರಬೇಕು. ನನ್ನ ಪಥ್ಯದಿಂದ ಡೊಂಬಿವಲಿಯಲ್ಲಿ ಯಾರಿಗೂ ಒಂದಿಷ್ಟೂ ತೊಂದರೆಯಾಗಲಿಲ್ಲ.

ಮಹಾಪೆಯ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಊಟ ಒಂದು ಸಾಮೂಹಿಕ ಕಾರ್ಯಕ್ರಮ. ಡಬ್ಬಿಗಳೆಲ್ಲ ಒಟ್ಟಿಗೆ ಬಾಯ್ತೆರೆಯುತ್ತವೆ. ಯಾರ ಚಮಚ ಯಾರ ಡಬ್ಬಿಯಲ್ಲಿದೆ ಎಂದು ಹೇಳಲಾಗುವುದಿಲ್ಲ. ಸೀವುಡ್ಸ್‌ನಿಂದ ಬರುವ ಸ್ವಾತಿಯ ಮೆಂತ್ಯದ ಪಲ್ಯ ಅವಳಿಗೆ ಸಿಗುವುದು ಕಡೆಯ ತುತ್ತಿಗೆ, ಬದಲಿಗೆ ಅವಳು ನನ್ನ ಪುಳಿಯೋಗರೆಯನ್ನು ಮುಗಿಸಿರುತ್ತಾಳೆ. ಈ ಕೊಡುಕೊಳ್ಳುವಿಕೆಗೆ ನಾನು ಅನ್ನ ಮತ್ತು ಬೇಯಿಸಿದ ಸೋರೆಕಾಯಿ ಹಿಡಿದು ಹೋದೆ. ಮೊದಲ ವಾರ ಎಲ್ಲರೂ ಕನಿಕರಪಟ್ಟರು. ಎರಡನೆಯ ವಾರ ಸಲಹೆ ಕೊಟ್ಟರು. ಆಮೇಲೆ ನನ್ನ ಎದುರು ತಿನ್ನುವುದು ಪಾಪ ಎನ್ನಿಸಿ, ಬಹಳ ಒಳ್ಳೆಯ ಮನಸ್ಸಿನಿಂದಲೇ, ಡಬ್ಬಿಗಳನ್ನು ಮೇಜಿನ ಆ ತುದಿಗೆ ಸರಿಸಿಕೊಂಡರು. ನಾನು ಈ ತುದಿಯಲ್ಲಿ ಉಂಡೆ. ಮಾತು ಕೇಳಿಸುತ್ತಿತ್ತು, ಆದರೆ ಮಾತು ಹೋಗಿ ಬರುವುದು ಚಮಚದ ಜೊತೆಗೇ ಎಂದು ಕಾಣುತ್ತದೆ, ನನ್ನವರೆಗೆ ಬರಲಿಲ್ಲ.

ತಿಂಗಳು ಮುಗಿಯುವಷ್ಟರಲ್ಲಿ ನನ್ನ ಮೈ ಮಗುವಿನ ಕೆನ್ನೆಯಂತೆ ನುಣ್ಣಗಾಗಿತ್ತು. ಇನ್ನು ಒಂದೊಂದಾಗಿ ವಾಪಸು ಕರೆಯುವ ಕೆಲಸ. ಒಂದು ಭಾನುವಾರ ಬೆಳಗ್ಗೆ ಅರ್ಧ ಲೋಟ ಹಾಲು ಕಾಯಿಸಿ ಎದುರಿಗಿಟ್ಟುಕೊಂಡು ಕೂತೆ. ಕೂತೇ ಇದ್ದೆ. ಹಾಲಿನ ಮೇಲೆ ಕೆನೆ ಕಟ್ಟಿತು. ಎದುರಿನ ಕುರ್ಚಿ ಅಮ್ಮನದು. ಅಮ್ಮ ಇದ್ದಾಗ ನಾನು ತಿಂಡಿಗೆ ಕೂತ ಕೂಡಲೇ ಎದುರು ಕೂತು, ಯಾಕೆ ಮುಖ ಬಾಡಿದೆ, ಯಾಕೆ ಕಣ್ಣು ಕೆಂಪಗಿದೆ, ನಿನ್ನೆ ನಿದ್ದೆ ಬರಲಿಲ್ಲವಾ ಎಂದು ದಿನಾ ಕೇಳುತ್ತಿದ್ದಳು. ನಾನು ದಿನಾ ರೇಗುತ್ತಿದ್ದೆ. ಹಾಲನ್ನು ತುಳಸಿ ಕುಂಡಕ್ಕೆ ಸುರಿದು ಲೋಟ ತೊಳೆದಿಟ್ಟೆ. ಹೆದರಿಕೆಯಾಯಿತೆಂದರೆ ಪೂರ್ತಿ ನಿಜವಲ್ಲ. ಉಸಿರು ಕಟ್ಟುವುದಕ್ಕಿಂತ, ಕಟ್ಟಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲವಲ್ಲ ಎಂಬುದು ಗಂಟಲಲ್ಲಿ ಸಿಕ್ಕಿಕೊಂಡಿತು.

ಯಾರನ್ನು ಕರೆಯಬಹುದೆಂದು ಯೋಚಿಸಿದೆ. ಮೈಸೂರಿನಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ನೀನು ತಿನ್ನು, ನಾನು ಲೈನಲ್ಲೇ ಇರ್ತೀನಿ," ಎಂದ. ಊದಿಕೊಳ್ಳುವ ಸದ್ದು ಫೋನಿನಲ್ಲಿ ಕೇಳಿಸುವುದಿಲ್ಲವೆಂದು ಅವನಿಗೆ ಹೇಗೆ ಹೇಳುವುದು? ಸ್ವಾತಿಯನ್ನು ಕರೆಯಬಹುದಿತ್ತು. ಆದರೆ ಎರಡು ಗಾಡಿ ಬದಲಿಸಿ ಬಾ, ನಾನು ಒಂದು ಚಪಾತಿ ತಿನ್ನುತ್ತೇನೆ, ನೋಡಿ ಹೋಗು ಎಂದು ಯಾವ ಮುಖದಿಂದ ಕರೆಯಲಿ? ಈ ಕಡೆಯ ಜನ ಬಲು ಸಹಾಯಬುದ್ಧಿಯವರು. ಗಾಡಿಯಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಿಗೆ ಸರಿದು ಜಾಗ ಕೊಡುತ್ತಾರೆ, ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಬಿದ್ದರೆ ಹತ್ತು ಕೈ ಎತ್ತುತ್ತವೆ. ಕಷ್ಟವೊಂದು ಆಗಿಬಿಟ್ಟಿದ್ದರೆ ಯಾರನ್ನಾದರೂ ಕರೆಯಬಹುದು. ಆಗಬಹುದು, ಆಗದೆಯೂ ಇರಬಹುದು, ಬಂದು ಸುಮ್ಮನೆ ಕೂತಿರಿ ಎಂದು ಕರೆಯುವಷ್ಟು ಸಲಿಗೆ ನನಗೆ ಯಾರೊಡನೆಯೂ ಇಲ್ಲವೆಂದು ಆ ಭಾನುವಾರ ನನಗೆ ತಿಳಿಯಿತು. ತಿಳಿದು ಬಹಳ ಬೇಜಾರಾಯಿತು.

ಆಗ ಒಂದು ಉಪಾಯ ಹೊಳೆಯಿತು. ನೀವು ನಗುತ್ತೀರಿ, ನಗಿ. ನಾನು ಒಬ್ಬಳೇ ಇರದ ಜಾಗ ಒಂದಿತ್ತಲ್ಲ, ಲೋಕಲ್ ಗಾಡಿಯ ಲೇಡೀಸ್ ಡಬ್ಬಿ! ದಿನಾ ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಕೋಪರಖೈರಣೆಗೆ, ಅಲ್ಲಿಂದ ಶೇರ್ ರಿಕ್ಷಾದಲ್ಲಿ ಮಹಾಪೆಗೆ ಹೋಗುವವಳು ನಾನು. ಇಷ್ಟು ಸಾಕ್ಷಿಗಳು ಇನ್ನೆಲ್ಲಿ ಸಿಕ್ಕಾರು? ಒಂದು ಚಪಾತಿಯನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೊರಟೆ. ಠಾಣೆಯವರೆಗೆ ನೂಕುನುಗ್ಗಲಿನಲ್ಲಿ ಚಪಾತಿಯಿರಲಿ, ಕೈಯನ್ನೇ ಬಾಯಿಯ ಎತ್ತರಕ್ಕೆ ತರಲಾಗಲಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿದ ಮೇಲೆ ಕೂರಲು ಜಾಗ ಸಿಕ್ಕಿತು. ಚಪಾತಿ ಹೊರತೆಗೆದು ಸುತ್ತ ನೋಡಿದೆ. ಒಬ್ಬಳು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು, ಒಬ್ಬಳು ಜಪ ಮಾಡುತ್ತಿದ್ದಳು, ಎದುರಿನವಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ನನ್ನ ಕಡೆ ನೋಡಿದವಳು ಒಬ್ಬಳೇ, ಅವಳ ಕಣ್ಣು ನಾನು ಎಲ್ಲಿ ಇಳಿಯುತ್ತೇನೆ, ಸೀಟು ಯಾವಾಗ ಖಾಲಿಯಾಗುತ್ತದೆ ಎಂಬುದರ ಮೇಲಿತ್ತು. ಆಗ ನನಗೆ ಹೊಳೆಯಿತು: ನನ್ನ ಮುಖ ಊದಿಕೊಂಡರೆ ಇವರಿಗೆ ಗೊತ್ತಾಗುವುದಾದರೂ ಹೇಗೆ? ಈ ಹೆಂಗಸಿನ ಮುಖವೇ ಹೀಗೆ, ಪಾಪ, ಎಂದುಕೊಂಡಾರು. ಊದಿದೆಯೆಂದು ಹೇಳಲು ನಿನ್ನೆ ಹೇಗಿತ್ತೆಂದು ನೋಡಿದವರು ಬೇಕು. ಚಪಾತಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಇಳಿದ ಮೇಲೆ ಸ್ಟೇಷನ್ನಿನ ಹೊರಗಿದ್ದ ಹಸುವಿಗೆ ಕೊಟ್ಟೆ. ಹಸುವಿಗೆ ಏನೂ ಆಗಲಿಲ್ಲ.

ಹೀಗಾಗಿ ಪಥ್ಯ ಮುಂದುವರಿಯಿತು. ಹಾಲಿಲ್ಲ, ಗೋಧಿಯಿಲ್ಲ, ಸಾರಿಲ್ಲ, ಹುಳಿಯಿಲ್ಲ. "ಮೇಡಂ, ಕ್ಯಾ ವಿಲ್ ಪವರ್ ಹೈ ಆಪ್‌ಕಾ," ಎಂದು ಸ್ವಾತಿ ಆ ತುದಿಯಿಂದ ಕೂಗಿ ಹೇಳಿದಳು. ತೂಕ ಇಳಿಸುತ್ತಿದ್ದ ಹುಡುಗಿಯರಿಗೆ ನನ್ನನ್ನು ತೋರಿಸಿ, ಕಲಿಯಿರಿ ಎಂದರು. ನಾನು ವಿನಯದಿಂದ ತಲೆ ತಗ್ಗಿಸಿ ಪಡವಲಕಾಯಿ ಅಗಿದೆ. ಹಠದಿಂದ ಬಿಟ್ಟವರಿಗೂ, ನೋಡುವವರಿಲ್ಲದೆ ಬಿಟ್ಟವರಿಗೂ ಹೊರಗಿನಿಂದ ನೋಡಿದರೆ ಒಂದೇ ಹೊಗಳಿಕೆ. ಸಂಜೆ ಮನೆಗೆ ಬಂದು ಬೀಗ ತೆರೆದಾಗ ಒಳಗಿನಿಂದ ಬೇಯಿಸಿದ ಸೋರೆಕಾಯಿಯ ವಾಸನೆ ಬರುತ್ತಿತ್ತು. ಒಗ್ಗರಣೆಯಿಲ್ಲದ ಮನೆ ಆಸ್ಪತ್ರೆಯ ಕೋಣೆಯ ಹಾಗಿರುತ್ತದೆ.

ಈಗ ನಮ್ಮ ಚಾವಣಿಯ ವಿಷಯ ಹೇಳಬೇಕು. ನಮ್ಮದು ಡೊಂಬಿವಲಿ ಪೂರ್ವದ ಒಂದು ಹಳೆಯ ಸೊಸೈಟಿ. ನಾನು ಎರಡನೆಯ ಮಹಡಿ, ನನ್ನ ಮೇಲೆ ಮೂರನೆಯ ಮಹಡಿಯಲ್ಲಿ ಸುಮಿತ್ರಾಬಾಯಿ. ಧಾರವಾಡದವರು, ಅರವತ್ತು ದಾಟಿದವರು, ಮಗಳು ಅಳಿಯನ ಜೊತೆ ಇರುವವರು. ಅವರ ಬಾತ್‌ರೂಮಿನಿಂದ ನೀರು ಜಿನುಗಿ ನನ್ನ ಹೊರಕೋಣೆಯ ಚಾವಣಿಯಲ್ಲಿ ಒಂದು ಕಂದು ಕಲೆಯಾಗಿದೆ ಎಂದು ನಾನು. ಅದು ಹೊರಗೋಡೆಯ ಮಳೆನೀರು, ನಮಗೇನೂ ಸಂಬಂಧವಿಲ್ಲ ಎಂದು ಅವರು. ಈ ಮುಂಬಯಿ ಸೀಮೆಯಲ್ಲಿ ಜನ ಆಸ್ತಿಗಾಗಿ ಜಗಳವಾಡುವುದು ಕಡಿಮೆ, ಲೀಕೇಜಿಗಾಗಿ ಆಡುವುದೇ ಹೆಚ್ಚು. ನಾವಿಬ್ಬರೂ ಕನ್ನಡದವರು. ಆದರೆ ಸೊಸೈಟಿಯ ಮೀಟಿಂಗಿನಲ್ಲಿ ಸೆಕ್ರೆಟರಿಗೆ ಅರ್ಥವಾಗಲೆಂದು ಮರಾಠಿಯಲ್ಲಿ ಜಗಳವಾಡಿದೆವು. ನನ್ನ ಮರಾಠಿ ತರಕಾರಿ ಮಾರುಕಟ್ಟೆಯಲ್ಲಿ ಕಲಿತದ್ದು, ಅದರಲ್ಲಿ ಬೈದರೆ ಚೌಕಾಸಿ ಮಾಡಿದಂತೆ ಕೇಳಿಸುತ್ತದೆ. ಅವರದು ನಿಜವಾದ ಮರಾಠಿ, ಚೆನ್ನಾಗಿ ತಗುಲಿತು. ಅಂದಿನಿಂದ ಎರಡು ವರ್ಷ ಮಾತಿರಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಒಬ್ಬರ ಮುಖ ಒಬ್ಬರು ಉರಿಗಣ್ಣಿನಿಂದ ನೋಡಿಕೊಂಡು ಹತ್ತುತ್ತಿದ್ದೆವು, ಇಳಿಯುತ್ತಿದ್ದೆವು.

ಆ ವರ್ಷ ಸಂಕ್ರಾಂತಿ ಭಾನುವಾರ ಬಂದಿತ್ತು. ಪಥ್ಯದಲ್ಲಿರುವವರಿಗೆ ಸಂಕ್ರಾಂತಿಯಷ್ಟು ಕ್ರೂರವಾದ ಹಬ್ಬ ಇನ್ನೊಂದಿಲ್ಲ. ಮೈಸೂರಿನ ಎಳ್ಳಿನಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಇರುತ್ತವೆ. ಬೆಲ್ಲ ಒಂದನ್ನು ಬಿಟ್ಟರೆ ಉಳಿದವರೆಲ್ಲ ನನ್ನ ಪಟ್ಟಿಯ ಆರೋಪಿಗಳು. ಅಮ್ಮ ಇದ್ದಾಗ ನಾವಿಬ್ಬರೂ ಕೊಬ್ಬರಿಯನ್ನು ಸಣ್ಣಗೆ ಹೆಚ್ಚಿ, ಬಿಸಿಲಿಗೆ ಒಣಗಿಸಿ, ಕಟ್ಟಡದ ಕನ್ನಡದ ಮನೆಗಳಿಗೆಲ್ಲ ಬೀರಿ ಬರುತ್ತಿದ್ದೆವು. ಅಮ್ಮ ಹೋದ ಮೇಲೆ ನಾನು ಬೀರಲಿಲ್ಲ, ಬೀರದವಳ ಮನೆಗೆ ಬೀರುವವರೂ ಕಡಿಮೆಯಾದರು. ಅಂದು ಹನ್ನೊಂದರ ಹೊತ್ತಿಗೆ ಕರೆಗಂಟೆಯಾದಾಗ ಕಸದವರು ಎಂದುಕೊಂಡು ಬಾಗಿಲು ತೆಗೆದೆ. ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಬೆಳ್ಳಿಯ ಬಟ್ಟಲು ಹಿಡಿದು ಸುಮಿತ್ರಾಬಾಯಿ ನಿಂತಿದ್ದರು. ಬಟ್ಟಲಲ್ಲಿ ಕುಸುರೆಳ್ಳು, ಮಲ್ಲಿಗೆ ಮೊಗ್ಗಿನಷ್ಟು ಬಿಳಿ, ಮೈತುಂಬ ಮುಳ್ಳು.

"ಎಳ್ಳು ಬೆಲ್ಲ ತಗೋರಿ, ಎಳ್ಳು ಬೆಲ್ಲದ್ಹಂಗ ಇರೋಣು," ಎಂದರು. ಮುಖ ಬಿಗಿದುಕೊಂಡೇ ಇತ್ತು. ಆದರೆ ಕೈ ಮುಂದೆ ಬಂದಿತ್ತು.

"ನಾನು ತಿನ್ನೋ ಹಾಗಿಲ್ಲ," ಎಂದೆ.

ಮಾತು ಹೊರಬಿದ್ದ ಮೇಲೆ ಅದು ಹೇಗೆ ಕೇಳಿಸಿತೆಂದು ಗೊತ್ತಾಯಿತು. ಸಂಕ್ರಾಂತಿಯ ಎಳ್ಳನ್ನು ಬೇಡವೆನ್ನುವುದೆಂದರೆ ಒಳ್ಳೆಯ ಮಾತನ್ನೇ ಬೇಡವೆಂದಂತೆ. ಜಗಳವಾಡಿದವರು ಒಂದಾಗಲು ವರ್ಷಕ್ಕೆ ಇರುವುದು ಅದೊಂದೇ ಬಾಗಿಲು, ಅದನ್ನು ನಾನು ಅವರ ಮುಖದ ಮೇಲೆ ಮುಚ್ಚಿದ್ದೆ.

"ಇರಲಿ ಬಿಡ್ರಿ," ಎಂದರು ಸುಮಿತ್ರಾಬಾಯಿ. "ಹಬ್ಬದ ದಿನಾ ಅಂತ ನಾನಾಗೇ ಇಳದ ಬಂದೆ. ನಿಮಗ ಬ್ಯಾಡಾದ್ರ ಬ್ಯಾಡ." ಬಟ್ಟಲಿನ ಮೇಲೆ ಸೆರಗು ಮುಚ್ಚಿ ಮೆಟ್ಟಿಲ ಕಡೆ ತಿರುಗಿದರು.

"ಹಾಗಲ್ಲ, ನಿಂತ್ಕೊಳ್ಳಿ. ಮನೇಲಿ ನಾನೊಬ್ಬಳೇ ಇರೋದು. ಅದಕ್ಕೆ ತಿನ್ನೋ ಹಾಗಿಲ್ಲ."

ಅವರು ನಿಂತರು. "ಎಳ್ಳ ತಿನ್ನಲಿಕ್ಕೆ ಮನಿ ತುಂಬ ಮಂದಿ ಬೇಕೇನ್ರೀ?"

ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಗಂಧೆ, ಠಾಣೆಯ ಡಾಕ್ಟರರು, ಒಂದು ತಿಂಗಳ ಪಥ್ಯ, ತಿಂದು ನೋಡುವಾಗ ಪಕ್ಕದಲ್ಲೊಬ್ಬರು ಇರಬೇಕೆಂಬ ಷರತ್ತು, ಎಲ್ಲ. ಅಣ್ಣನ ಹೊರತು ಯಾರಿಗೂ ಹೇಳದಿದ್ದುದನ್ನು ಜಗಳವಾಡಿದವರಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ಬಹುಶಃ ಅಷ್ಟು ದಿನದ ಮೇಲೆ ಕನ್ನಡದಲ್ಲಿ ಎದುರಿಗೇ ನಿಂತು ಕೇಳಿದವರು ಅವರೇ.

"ಅಂದ್ರ ತಿಂಗಳ ಮುಗದ್ರೂ ಬರೇ ಅನ್ನಾ ಪಡವಲಕಾಯಿ ಉಣ್ಣಲಿಕ್ಕತ್ತೀರಿ," ಎಂದರು ಸುಮಿತ್ರಾಬಾಯಿ. "ನನ್ನ ಯಾಕ ಕರೀಲಿಲ್ಲ? ನಿಮ್ಮ ತಲಿ ಮ್ಯಾಲೇ ಇದ್ದೇನಲಾ."

"ನಮ್ಮ ನಿಮ್ಮ ಮಧ್ಯೆ ಮಾತೇ ಇರಲಿಲ್ಲವಲ್ಲ."

"ನೋಡಲಿಕ್ಕೆ ಮಾತ ಯಾಕ ಬೇಕ್ರೀ?"

ಎಂದವರೇ ಚಪ್ಪಲಿ ಬಿಟ್ಟು ಒಳಗೆ ಬಂದು ಅಮ್ಮನ ಕುರ್ಚಿಯಲ್ಲಿ ಕೂತರು. ಸರಿಯಾಗಿ ಆ ಕಂದು ಕಲೆಯ ಕೆಳಗೆ. ಬಟ್ಟಲನ್ನು ಮೇಜಿನ ಮೇಲಿಟ್ಟು, ಸೊಂಟದಿಂದ ಕನ್ನಡಕ ತೆಗೆದು ಹಾಕಿಕೊಂಡರು. "ಹೂಂ, ತಿನ್ರಿ."

ಪಥ್ಯದ ದೃಷ್ಟಿಯಿಂದ ನೋಡಿದರೆ ಧಾರವಾಡದ ಕುಸುರೆಳ್ಳು ಮೈಸೂರಿನ ಎಳ್ಳಿಗಿಂತ ಶಾಸ್ತ್ರೀಯವಾದದ್ದು. ಅದರಲ್ಲಿರುವುದು ಎಳ್ಳು ಮತ್ತು ಸಕ್ಕರೆ ಪಾಕ, ಅಷ್ಟೇ. ಸಕ್ಕರೆಗೆ ಅನುಮತಿ ಇದ್ದೇ ಇತ್ತು. ನಮ್ಮ ಎಳ್ಳಿನ ಮಿಶ್ರಣ ತಿಂದು ಗಂಧೆ ಎದ್ದಿದ್ದರೆ ಯಾರ ಮೇಲೆ ಕೇಸು ಹಾಕಬೇಕೆಂದೇ ತಿಳಿಯುತ್ತಿರಲಿಲ್ಲ. ಆದರೂ ನನಗೆ ಒಂದು ಸಂಶಯ ಉಳಿದಿತ್ತು.

"ಮುಖ ಊದಿದ್ರೆ ನಿಮಗೆ ಗೊತ್ತಾಗುತ್ತಾ?" ಎಂದು ಕೇಳಿದೆ.

"ಎರಡು ವರ್ಷಾತು ನಿಮ್ಮ ಮಾರಿ ಸಿಟ್ಟಿಲೆ ನೋಡಕೋತ ಬಂದೀನಿ," ಎಂದರು. "ಎಳ್ಳಷ್ಟ ಹೆಚ್ಚುಕಮ್ಮಿ ಆದ್ರೂ ಹೇಳತೀನಿ, ತಿನ್ರಿ."

ನಾನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಮೊದಲು ಮುಳ್ಳು ನಾಲಗೆಗೆ ತಗುಲಿತು, ಆಮೇಲೆ ಸಿಹಿ ಕರಗಿತು, ಆಮೇಲೆ ಒಳಗಿನ ಎಳ್ಳು ಹಲ್ಲಿಗೆ ಸಿಕ್ಕಿತು. ಅಷ್ಟು ದಿನ ಸಪ್ಪೆ ಉಂಡ ಬಾಯಿಗೆ ಅದು ದೊಡ್ಡ ಊಟವಾಯಿತು. ಸುಮಿತ್ರಾಬಾಯಿ ಒಲೆಯ ಮೇಲಿನ ಹಾಲನ್ನು ಕಾಯುವವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಹಣೆ ನೋಡಿದರು, ಕಣ್ಣು ನೋಡಿದರು, ಗದ್ದ ನೋಡಿದರು. ಅಷ್ಟು ಹೊತ್ತು ನನ್ನನ್ನು ಯಾರಾದರೂ ನೋಡಿ ವರ್ಷಗಳಾಗಿತ್ತು. ನನಗೆ ತಡೆಯಲಾಗಲಿಲ್ಲ.

ಅವರು ಮುಂದಕ್ಕೆ ಬಾಗಿದರು. "ಕಣ್ಣಾಗ ನೀರ ಬರಲಿಕ್ಕತ್ತಾವ. ಎಳ್ಳಿಂದೇನು?"

"ಅಲ್ಲ, ಎಳ್ಳಿಂದ ಅಲ್ಲ."

"ಹಂಗಾದ್ರ ಬರಲಿ," ಎಂದರು. ಮುಜುಗರವಾಗದಿರಲೆಂದೋ ಏನೋ, ಮುಖ ಮೇಲೆತ್ತಿ ಚಾವಣಿ ನೋಡಿದರು. ಬಹಳ ಹೊತ್ತು ನೋಡಿದರು. "ಇಷ್ಟ ದೊಡ್ಡದದ ಅಂತ ಗೊತ್ತಿರಲಿಲ್ಲ," ಎಂದರು. ಆ ಕಲೆಗಾಗಿ ಎರಡು ವರ್ಷ ಮಾತು ಬಿಟ್ಟವರು ಅದನ್ನು ಕಣ್ಣಾರೆ ಕಂಡಿರಲಿಲ್ಲ, ನಾನೂ ಬಂದು ನೋಡಿ ಎಂದು ಕರೆದಿರಲಿಲ್ಲ. ಅಂದು ನಾವು ಆಡಿದ ಒಳ್ಳೆಯ ಮಾತು ಅಷ್ಟೇ. ಎಳ್ಳು ನಿರಪರಾಧಿ ಎಂದು ತೀರ್ಪಾಯಿತು.

ಆಮೇಲೆ ಪ್ರತಿ ಶನಿವಾರ, ಭಾನುವಾರ ಅವರು ಇಳಿದು ಬರತೊಡಗಿದರು. ಗೋಧಿಯ ದಿನ ತಾವೇ ಬಿಸಿ ಚಪಾತಿ ತಂದರು. ತೆಂಗಿನಕಾಯಿಯ ದಿನ ತುರಿಯುವ ಮಣೆ ನಮ್ಮಲ್ಲಿ ತುಕ್ಕು ಹಿಡಿದದ್ದು ಕಂಡು ಬೈದರು. ಬದನೆಕಾಯಿಯ ದಿನ ನನ್ನನ್ನೇ ಮೇಲೆ ಕರೆಸಿಕೊಂಡು, ಕಿಟಕಿಯ ಬೆಳಕಿಗೆ ಕೂರಿಸಿ, ಕತ್ತು ತಿರುಗಿಸಿ ನೋಡಿ, "ಪಾಸಾತು," ಎಂದರು. ಕಾಯುವ ಹೊತ್ತಿನಲ್ಲಿ ಮಾತಾಡುತ್ತಿದ್ದರು. ಮೊಮ್ಮಗಳಿಗೆ ಕನ್ನಡದಲ್ಲಿ ಕತೆ ಹೇಳಿದರೆ ಅವಳು ಮರಾಠಿಯಲ್ಲಿ "ಮಗ್?" ಎನ್ನುತ್ತಾಳೆ, ಆಮೇಲೇನಾಯಿತು ಎಂದು ಕೇಳುತ್ತಾಳಲ್ಲ, ಅಷ್ಟು ಸಾಕು ಎನ್ನುತ್ತಿದ್ದರು. ಆ ಕಾಲಕ್ಕೆ ನಾನು ಅಡುಗೆಗೆ ಹೊಸ ಹೊಸ ಪದಾರ್ಥ ಸೇರಿಸುತ್ತಿದ್ದುದರಿಂದ ಒಂದು ತಟ್ಟೆ ಅವರ ಮುಂದೂ ಇಡುತ್ತಿದ್ದೆ. ಅವರು ಒಮ್ಮೆಯೂ ಮುಟ್ಟಲಿಲ್ಲ. "ನೋಡವ್ರು ತಿನ್ನಕೋತ ಕೂತ್ರ ನೋಡವ್ರ್ಯಾರು?" ಎನ್ನುತ್ತಿದ್ದರು. ಮನೆಯಲ್ಲಿ ಊಟ ಹೇಗೆ ಎಂದು ಕೇಳಿದರೆ, ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗಳು ಸಾಲಿಗೆ ಹೋದ ಮೇಲೆ ಒಬ್ಬರಿಗಾಗಿ ತಾಟು ಯಾಕೆ ಎಂದು ಅಡುಗೆಕಟ್ಟೆಯ ಹತ್ತಿರ ನಿಂತುಕೊಂಡೇ ಉಂಡುಬಿಡುತ್ತೇನೆ ಎಂದರು. ಅದನ್ನು ದೂರಿನಂತೆ ಹೇಳಲಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆಂಬಂತೆ ಹೇಳಿದರು.

ಕೊನೆಗೆ ಸಿಕ್ಕಿಬಿದ್ದದ್ದು ಕಡಲೆಬೀಜ. ಅವರೇ ಕುಟ್ಟಿದ ಶೇಂಗಾ ಚಟ್ನಿಪುಡಿಯ ಒಂದು ಚಿಟಿಕೆಯನ್ನು ಅನ್ನಕ್ಕೆ ಕಲೆಸಿ ತಿಂದು ಸ್ವಲ್ಪ ಹೊತ್ತಾಗಿತ್ತು. ನನಗೆ ಏನೂ ಅನ್ನಿಸಿರಲಿಲ್ಲ. "ಎಡಗಿವಿ ತುದಿ ಕೆಂಪಾತು," ಎಂದು ಅವರು ಎದ್ದು ಬಂದರು. ನಾನು ಕನ್ನಡಿ ನೋಡುವಷ್ಟರಲ್ಲಿ ಕತ್ತಿಗೆ ಗಂಧೆ ಹರಡಿತ್ತು. ಡಾಕ್ಟರರು ಕೊಟ್ಟಿದ್ದ ಮಾತ್ರೆಯನ್ನು ಅವರೇ ನುಂಗಿಸಿ, ಬೆನ್ನಿಗೆ ದೊಡ್ಡಪತ್ರೆ ರಸ ಹಚ್ಚಿದರು. ಕಳ್ಳ ಸಿಕ್ಕಿದ ಸಂತೋಷ ನನಗೆ, ದುಃಖವೆಲ್ಲ ಅವರಿಗೆ. "ಶೇಂಗಾ ಬಿಟ್ಟು ಮನಶ್ಯಾ ಹ್ಯಾಂಗ ಬದುಕತಾನ್ರೀ," ಎಂದು ಇಡೀ ಧಾರವಾಡದ ಪರವಾಗಿ ನನ್ನಲ್ಲಿ ಕ್ಷಮೆ ಕೇಳುವವರ ಹಾಗೆ ಕೂತರು. ಠಾಣೆಯ ಡಾಕ್ಟರರು ವಿಷಯ ಕೇಳಿ ಖುಷಿಪಟ್ಟು, ಇಷ್ಟು ಜಾಗರೂಕತೆಯಿಂದ ನೋಡಿಕೊಂಡ ಮನೆಯವರಿಗೆ ನನ್ನ ಥ್ಯಾಂಕ್ಸ್ ಹೇಳಿ ಎಂದರು. ಹೇಳುತ್ತೇನೆ ಎಂದೆ. ಈ ಸಲ ಸುಳ್ಳಾಡಿದಂತೆ ಅನ್ನಿಸಲಿಲ್ಲ.

ಆದರೆ ಅಲ್ಲಿಗೆ ಪಟ್ಟಿ ಮುಗಿದಿತ್ತು. ಪರೀಕ್ಷಿಸಲು ಏನೂ ಉಳಿದಿರಲಿಲ್ಲ. ಸುಮಿತ್ರಾಬಾಯಿಯವರ ಮಗಳು ಪ್ಲಂಬರನನ್ನು ಕರೆಸಿ ಬಾತ್‌ರೂಮಿನ ಪೈಪು ಸರಿ ಮಾಡಿಸಿದ್ದಳು, ಹಾಗಾಗಿ ಜಗಳವಾಡಲೂ ಕಾರಣವಿರಲಿಲ್ಲ. ಮುಂದಿನ ಶನಿವಾರ ಅವರು ಬರಲಿಲ್ಲ. ಭಾನುವಾರ ನಾನು ಒಗ್ಗರಣೆ ಹಾಕಿ, ಸಾರು ಮಾಡಿ, ಮೊಸರು ಕಡೆದು, ಏನು ಬೇಕಾದರೂ ತಿನ್ನಬಹುದಾದ ಸ್ವತಂತ್ರ ಪ್ರಜೆಯಾಗಿ ಮೇಜಿನ ಮುಂದೆ ಕೂತೆ. ಊಟ ಸೇರಲಿಲ್ಲ. ಪಥ್ಯವೇ ಇನ್ನೊಂದಿಷ್ಟು ದಿನ ಇರಬಾರದಿತ್ತೇ ಎನ್ನಿಸಿತು. ಪಥ್ಯ ಮುಗಿಯಿತೆಂದು ದುಃಖಪಟ್ಟವಳು ನಾನೊಬ್ಬಳೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಕರೆಗಂಟೆಯಾಯಿತು.

ಸುಮಿತ್ರಾಬಾಯಿ ಮುಚ್ಚಿದ ಪಾತ್ರೆ ಹಿಡಿದು ನಿಂತಿದ್ದರು. "ಎಣಗಾಯಿ ಮಾಡೇನಿ. ಶೇಂಗಾ ಹಾಕಿಲ್ಲ," ಎಂದರು. "ಬದನಿಕಾಯಿ ನೋಡೂದೊಂದು ಉಳದಿತ್ತಲಾ?"

ಬದನೆಕಾಯಿ ಅವರ ಮನೆಯಲ್ಲೇ, ಅವರ ಕಿಟಕಿಯ ಬೆಳಕಿನಲ್ಲೇ ಪಾಸಾಗಿ ಹಲವು ವಾರಗಳಾಗಿದ್ದವು. ಅದು ಅವರಿಗೂ ಗೊತ್ತಿತ್ತು.

"ಹೌದು, ಅದೊಂದು ಉಳಿದಿತ್ತು," ಎಂದೆ.

ಅವರು ಒಳಗೆ ಬಂದು ಅಮ್ಮನ ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಂಡರು. ನಾನು ಇನ್ನೊಂದು ತಟ್ಟೆ ತಂದು ಅವರ ಮುಂದಿಟ್ಟು ಬಡಿಸಿದೆ. ಅವರು ಎಂದಿನಂತೆ ತಟ್ಟೆ ಸರಿಸಲು ಕೈ ನೀಡಿದರು.

"ಈವತ್ತು ನೀವು ಊಟ ಮಾಡಿ," ಎಂದೆ. "ನಾನು ನೋಡ್ತೀನಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಕನ್ನಡಕ ತೆಗೆದು ಬದಿಗಿಟ್ಟು, ಸೆರಗು ಸರಿಮಾಡಿಕೊಂಡು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.